ಒಂದು ಹಿಡಿ ಸಿಗಡಿ

ಬಂದರಿನ ಮೀನು ಮಾರುಕಟ್ಟೆಯಲ್ಲಿ ಎಸ್ತರ್ ಒಂದು ಕಾಣೆ ಮೀನನ್ನು ಎತ್ತಿ, ಅದರ ಮೈಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಇವಳು ಠಾಣೆ ಪಟ್ಟಣದ ಮರಾಠಿ ಯಹೂದಿ, ನನ್ನ ಗೆಳತಿ. ತನ್ನ ಧರ್ಮದ ನಿಯಮದಂತೆ ಪೊರೆಯೂ ಈಜುರೆಕ್ಕೆಯೂ ಇರುವ ಮೀನನ್ನು ಮಾತ್ರ ತಿನ್ನುತ್ತಾಳೆ. ಅವಳ ಮರಾಠಿಯನ್ನು ಕನ್ನಡಕ್ಕೆ ತರುವುದು ಬೆಳಗಾವಿಯವಳಾದ ನನ್ನ ಕೆಲಸ.

ಮೀನು ಮಾರುವ ಲಲಿತಕ್ಕ ಪ್ರೀತಿಯಿಂದ ಒಂದು ಹಿಡಿ ಸಿಗಡಿಯನ್ನೂ ಪುಕ್ಕಟೆ ಸುರಿಯಲು ಬಂದರು. ಎಸ್ತರ್ ಕೈ ಅಡ್ಡ ಹಿಡಿದಳು. ಲಲಿತಕ್ಕನ ಮುಖ ಬಾಡಿತು.

"ಎಂತ, ನಾವು ಕೊಟ್ಟದ್ದು ನಿಮಗೆ ಆಗುದಿಲ್ವಾ?"

"ಸಿಗಡಿಯಲ್ಲಿ ದೋಷವಿಲ್ಲ ಅಕ್ಕಾ," ಎಸ್ತರ್ ತಲೆಯೆತ್ತಿ ಹೇಳಿದಳು. "ದೇವರು ನಮ್ಮನ್ನು ಆರಿಸಿ ಈ ನಿಯಮ ಹೊರಿಸಿದ್ದಾನೆ. ಅದು ನಮಗೆ ಮಾತ್ರ. ನೀವು ತಿಂದರೆ ಅವನಿಗೇನೂ ಬೇಸರವಿಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುತ್ತಿದ್ದಂತೆ ಲಲಿತಕ್ಕ ನಕ್ಕರು.

"ಹಾಗೆ ಹೇಳಿ! ನಮ್ಮ ಮನೆಯವರು ದೈವದ ಪಾತ್ರಿ. ಊರಲ್ಲಿ ಅಷ್ಟು ಜನ ಇದ್ರೂ ದೈವ ಬರುದು ಅವರ ಮೈಮೇಲೆಯೇ. ವ್ರತ ಎಲ್ಲ ಅವರಿಗೆ, ಪ್ರಸಾದ ಮಾತ್ರ ಎಲ್ಲರಿಗೂ ಒಂದೇ."

ಎಂಥ ಗತ್ತು ಇಬ್ಬರದ್ದೂ!

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸಿಗಡಿ ಮುಟ್ಟಿದ್ದ ಕೈ, ಕತ್ತಿ, ಮರದ ಹಲಗೆ ಎಲ್ಲವನ್ನೂ ಲಲಿತಕ್ಕ ನೀರು ಸುರಿದು ಉಜ್ಜಿ ತೊಳೆದರು. ಯಾರೂ ಕೇಳಿರಲಿಲ್ಲ. ಹಿಂದೆ ನಿಂತಿದ್ದ ಗಿರಾಕಿ ಗೊಣಗಿದ, "ಬೇಗ ಕೊಡಿ ಅಕ್ಕಾ, ಬಸ್ಸುಂಟು."

"ಸ್ವಲ್ಪ ನಿಲ್ಲಿ ಮಾರಾಯ್ರೆ," ಲಲಿತಕ್ಕ ಕಾಣೆಯನ್ನು ಹಲಗೆಯ ಮೇಲಿಟ್ಟು ಗದರಿದರು. "ಇದು ವ್ರತದವರ ಮೀನು!"