ಶೆಡ್ಡಿಗೆ ಬಂದ ಕೆಮಿಸ್ಟ್ರಿ ಮೇಡಂ

ಮೇಡಂ ಅವರ ಬಲಗೈಯ ಮೂರು ಬೆರಳ ತುದಿ ಯಾವಾಗಲೂ ಕಂದುಗಪ್ಪು. ಸಿಲ್ವರ್ ನೈಟ್ರೇಟಿನ ಕಲೆ. ಆ ಬೆರಳುಗಳಲ್ಲೇ ಸೀಮೆಸುಣ್ಣ ಹಿಡಿದು ಚನ್ನಗಿರಿಯ ಕಾಲೇಜಿನಲ್ಲಿ ನಮಗೆ ಕೆಮಿಸ್ಟ್ರಿ ಹೇಳುತ್ತಿದ್ದರು. ಯಾವ ಅಣು ಬರೆದರೂ ಒಂದು ಹೆಜ್ಜೆ ಹಿಂದೆ ಸರಿದು, "ಇದಕ್ಕೇನು ಬೇಕಾಗೈತೆ? ಮೊದ್ಲು ಅದನ್ನ ಕೇಳ್ರಿ" ಎನ್ನುವರು. ಹಿಂದಿನ ಬೆಂಚಿನ ನಾವು "ಮಿರ್ಚಿ ಮಂಡಕ್ಕಿ" ಎಂದು ಪಿಸುಗುಟ್ಟುತ್ತಿದ್ದೆವು. ಅವರಿಗೂ ಕೇಳಿಸುತ್ತಿತ್ತು, ನಕ್ಕು ಮುಂದುವರಿಸುತ್ತಿದ್ದರು.

ಒಂದು ದಿನ ಐಸೊಸಯನೇಟ್ ಪಾಠ. ಆಸಿಡ್ ಅಜೈಡನ್ನು ಕಾಯಿಸಿದರೆ ನೈಟ್ರೋಜನ್ ಗುಳ್ಳೆಯಾಗಿ ಎದ್ದು ಹೋಗುತ್ತದೆ. ಕಾರ್ಬನ್ನಿಗೆ ಅಂಟಿದ್ದ ಗುಂಪು ಅದೇ ಗಳಿಗೆಗೆ ಪಕ್ಕದ ನೈಟ್ರೋಜನ್ ಮೇಲೆ ಹೋಗಿ ಕೂರುತ್ತದೆ, ಐಸೊಸಯನೇಟ್ ಹುಟ್ಟುತ್ತದೆ. ಇದನ್ನು ನೂರು ಸಲ ಹೇಳಿದ್ದರೂ ಅವರ ಕಣ್ಣು ಅರಳಿತ್ತು. "ನೋಡ್ರಿ, ನಡುವೆ ಕಾರ್ಬನ್. ಆ ಕಡೆ ನೈಟ್ರೋಜನ್, ಈ ಕಡೆ ಆಕ್ಸಿಜನ್, ಎರಡೂ ಎಳೀತವೆ. ಪಾಪ, ಹಸಿದು ಕೂತಿರುತ್ತೆ. ಆಲ್ಕೋಹಾಲ್ ಸಿಕ್ಕರೆ ಯುರೆಥೇನ್, ಅಮೈನ್ ಸಿಕ್ಕರೆ ಯೂರಿಯಾ. ನೀರನ್ನಂತೂ ಬಿಡಲ್ಲ, ಹಿಡಿದು ಗ್ಯಾಸ್ ಎಬ್ಬಿಸುತ್ತೆ. ಕಾರಿನ ಪೇಂಟಿಗೆ ಬೆರೆಸೋ ಹಾರ್ಡನರ್‌ನಾಗೂ ಇದೇ ಐತೆ."

ನನ್ನ ಪೆನ್ನು ನಿಂತಿತು. ಅಪ್ಪ ಹೊನ್ನಾಳಿಯ ಒಂದು ಶೆಡ್ಡಿನಲ್ಲಿ ಕಾರುಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಿದ್ದರು. ಮೂಗಿಗೆ ಒಂದು ಟವೆಲ್, ಅಷ್ಟೇ. ಎರಡು ವರ್ಷದಿಂದ ಕೆಮ್ಮು, ಉಬ್ಬಸ. ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲುವರು. ರಸ್ತೆ ಧೂಳು ಎಂದೇ ನಾವು ನಂಬಿದ್ದೆವು. ಪಾಠ ಮುಗಿದ ಮೇಲೆ ಮೇಡಂಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಶೆಡ್ ಮುಚ್ಚಿದಾಗ ನಿಮ್ಮಪ್ಪಾರು ಹೆಂಗಿರ್ತಾರೋ?" ಹಬ್ಬಕ್ಕೆ ನಾಲ್ಕು ದಿನ ನ್ಯಾಮತಿಯ ಅತ್ತೆ ಮನೆಗೆ ಹೋದಾಗ ಅಪ್ಪ ಕೆಮ್ಮಿರಲೇ ಇಲ್ಲ. ಅದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬೋರ್ಡಿನ ಮೇಲೆ N, C, O ಎಂದು ಮೂರು ಅಕ್ಷರ ಬರೆದವರು ನಮ್ಮಪ್ಪನ ಎದೆಯೊಳಗನ್ನು ಕಂಡಿದ್ದರು.

ಆ ಭಾನುವಾರ ಅವರೇ ಬಸ್ಸು ಹತ್ತಿ ಶೆಡ್ಡಿಗೆ ಬಂದರು. ಅಪ್ಪ ಮಹಾ ಹಟಮಾರಿ. "ಹದಿನೆಂಟು ವರ್ಷದಿಂದ ಹೊಡೀತಿದೀನಿ ಮೇಡಂ. ಇದು ಬಿಟ್ರೆ ನಂಗೆ ಬ್ಯಾರೆ ಏನೂ ಮಾಡಾಕೆ ಬರಲ್ಲ" ಎಂದರು. ಮೇಡಂ ವಾದಕ್ಕಿಳಿಯಲಿಲ್ಲ. ಬಯಲಿಗೆ ಬಂದು, ಬಾಟಲಿಗೆ ಒಂದಿಷ್ಟು ಹಾರ್ಡನರ್, ಒಂದು ಮುಚ್ಚಳ ನೀರು ಹಾಕಿ, ಬಾಯಿಗೆ ಬಲೂನು ಕಟ್ಟಿದರು. "ಯಾರೂ ಮುಟ್ಟಬ್ಯಾಡ್ರಿ, ಸುಮ್ನೆ ನೋಡ್ತಿರ್ರಿ" ಎಂದು ಹೊರಟುಹೋದರು.

ಮಂಗಳವಾರದ ಹೊತ್ತಿಗೆ ಬಲೂನು ಉಬ್ಬಿ ನಿಂತಿತ್ತು. ಅಪ್ಪ ಬಹಳ ಹೊತ್ತು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ಅವರೇ ಫೋನ್ ಮಾಡಿದಾಗ ಮೇಡಂ ಹೇಳಿದರು: "ನಿಮ್ಮ ಎದೆಯೊಳಗೂ ನೀರಿನ ಪಸೆ ಐತ್ರೀ. ಡಾಕ್ಟರಿಗೆ ತೋರಿಸ್ರಿ. ಇನ್ನು ಆ ಹಾರ್ಡನರ್ ಗಾಳೀನೂ ನಿಮಗೆ ಆಗಲ್ಲ."

ದಾವಣಗೆರೆಯ ಡಾಕ್ಟರೂ ಅದನ್ನೇ ಹೇಳಿದರು. ಅಪ್ಪ ಸ್ಪ್ರೇ ಗನ್ ಕೆಳಗಿಟ್ಟು, ಕಾರಿನ ಸೀಟ್ ಕವರ್ ಹೊಲಿಯುವುದನ್ನು ಮೊದಲಿಂದ ಕಲಿತರು. ಶುರುವಿನ ಕವರುಗಳೆಲ್ಲ ಸೊಟ್ಟ. ಉಬ್ಬಸ ಮಾತ್ರ ತಿಂಗಳಿಂದ ತಿಂಗಳಿಗೆ ತಗ್ಗುತ್ತಾ ಬಂತು.

ಹೋದ ವರ್ಷ ಮೇಡಂ ಜಗಳೂರಿನ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು. ನಾನೂ ಅಪ್ಪನೂ ಹೋದೆವು. ಚಟ್ಟಕ್ಕೆ ಅಪ್ಪ ಹೆಗಲು ಕೊಟ್ಟರು. ಸ್ಮಶಾನ ದೂರ, ದಾರಿ ಏರು, ಬಿಸಿಲು ಬೇರೆ. ಅರ್ಧ ದಾರಿಯಲ್ಲಿ ಮೇಡಂ ಅವರ ತಮ್ಮ ಪಕ್ಕಕ್ಕೆ ಬಂದು, "ದಣಿದಿರ್ತೀರಿ ಯಜಮಾನ್ರೇ, ಇತ್ಲಾಗೆ ಕೊಡ್ರಿ" ಎಂದರು.

ಅಪ್ಪ ಹೆಗಲು ಬಿಡಲಿಲ್ಲ. "ಬ್ಯಾಡ್ರಿ, ಉಸಿರೈತೆ" ಎಂದರು.