ಮುಚ್ಚಿದ ಬಾಗಿಲನ್ನು ಬಲ್ಲವರು

ಹೊಸದಾಗಿ ಪಾಲಿಶ್ ಮಾಡಿದ ಹನ್ನೊಂದು ಹಲಗೆಗಳಲ್ಲಿ ಒಂದೂ ಸರಿಯಾಗಿ ಕೂರಲಿಲ್ಲ. ಕೊಪ್ಪ ಪೇಟೆಯಲ್ಲಿ ಅಜ್ಜ ಕಟ್ಟಿಸಿದ ನಮ್ಮ ಬಟ್ಟೆ ಅಂಗಡಿಯನ್ನು ಹಳೆಯ ರೂಪದಲ್ಲೇ ದುರಸ್ತಿ ಮಾಡಿಸುತ್ತಿದ್ದೆ. ಅದರ ಬಾಗಿಲೆಂದರೆ ಒಂದರ ಪಕ್ಕ ಒಂದು, ಕ್ರಮ ತಪ್ಪದೆ ನಿಲ್ಲಿಸಬೇಕಾದ ಹಲಗೆಗಳು. ನುಣುಪು ಮಾಡುವ ಉತ್ಸಾಹದಲ್ಲಿ ಬಡಗಿ ಹಿಂಬದಿಯ ನಂಬರುಗಳನ್ನೂ ಉಜ್ಜಿ ತೆಗೆದಿದ್ದರು.

ಜಗಲಿಯಲ್ಲಿ ಜಯಪುರದ ಬಸ್ಸಿಗೆ ಕಾಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಮ್ಮ ಪರದಾಟ ನೋಡಿ ಎದ್ದು ಬಂದರು. "ಆ ಗಂಟಿರೋ ಹಲಗೆ ಬಲಗಡೆ ಕೊನೇದು ಮಾರಾಯ್ರೇ. ಅದ್ರ ಪಕ್ಕ ಈ ಸೀಳು ಬಿಟ್ಟಿದ್ದು" ಎನ್ನುತ್ತಾ ಒಂದೊಂದನ್ನೇ ತೋರಿಸಿದರು. ಹನ್ನೊಂದೂ ಕೂತವು.

"ನಿಮಗೆ ಹೇಗೆ ಗೊತ್ತಮ್ಮ?" ಎಂದೆ.

"ಆಗ ತೋಟದ ಕೆಲ್ಸಕ್ಕೆ ಹೋಗೋಕೆ ಎಸ್ಟೇಟ್ ಲಾರಿಗೆ ದಿನಾ ಬೆಳಿಗ್ಗೆ ಇಲ್ಲೇ ಕೂತು ಕಾಯ್ತಿದ್ವಲ್ಲ. ನೀವು ಬಾಗ್ಲು ತೆಗೆಯೋದ್ರೊಳಗೆ ಲಾರಿ ಬಂದ್ಬಿಡ್ತಿತ್ತು."

ಮೂವತ್ತು ವರ್ಷ ದಿನಕ್ಕೆರಡು ಸಲ ಆ ಹಲಗೆಗಳನ್ನು ಎತ್ತಿಟ್ಟವನು ನಾನು. ನಂಬರ್ ಬಿಟ್ಟು ಬೇರೇನೂ ನೋಡಿರಲಿಲ್ಲ. ಒಳಗೆ ಬಂದು ಕೂತುಕೊಳ್ಳಿ ಎನ್ನುವಷ್ಟರಲ್ಲಿ ಬಸ್ ಬಂತು. ಈ ಸಲವೂ ಅವರು ಅಂಗಡಿಯನ್ನು ಹೊರಗಿನಿಂದಷ್ಟೇ ನೋಡಿ ಹೋದರು.