ಅಣ್ಣ ಕೇಳಿದ ಊಟ

ನಮ್ಮಣ್ಣ ಮೂವತ್ತೆರಡು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದ. ಮೊಟ್ಟೆ, ಬಾಳೆಹಣ್ಣು ಎಣಿಸುವಂಥವು, ಅವಕ್ಕೆ ಎ, ಆ್ಯನ್. ಅನ್ನ, ಹಾಲು, ಉಪ್ಪು, ಎಣ್ಣೆ ಎಣಿಸಲಾಗದವು, ಅವಕ್ಕೆ ಸಮ್. ಇಷ್ಟನ್ನು ಮಕ್ಕಳ ತಲೆಗೆ ತುಂಬುವುದರಲ್ಲೇ ಅವನ ಗಂಟಲು ಅರ್ಧ ಸವೆದಿತ್ತು. ಅವನ ತರಗತಿಯಲ್ಲಿ ಕೂತ ನತದೃಷ್ಟರಲ್ಲಿ ನಾನೂ ಒಬ್ಬ. ತಮ್ಮನೆಂದು ಒಂದು ಏಟನ್ನೂ ಕಡಿಮೆ ಮಾಡಿದವನಲ್ಲ ಮಹಾರಾಯ.

ಹೋದ ವರ್ಷ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಹೇಗೋ ಸುಧಾರಿಸಿದವು, ಮಾತು ಹೋಯಿತು. ಅತ್ತಿಗೆಯ ಹೆಸರೂ ಬರಲಿಲ್ಲ. ಹಸಿವಾದರೂ ಹೇಳಲಾರ, ಹೊಟ್ಟೆ ತುಂಬಿದರೂ ಹೇಳಲಾರ. ನಾಲ್ಕು ತಿಂಗಳು ಅತ್ತಿಗೆ ಅವನ ಮುಖ ನೋಡಿಯೇ ಅಂದಾಜಿನಲ್ಲಿ ತಿನ್ನಿಸಿದರು.

ಒಂದು ಬೆಳಿಗ್ಗೆ ಅಣ್ಣ ಸ್ಪಷ್ಟವಾಗಿ ಆ್ಯನ್ ಎಗ್ ಎಂದ. ಅತ್ತಿಗೆಗೆ ಇಂಗ್ಲಿಷ್ ಬಾರದು. ನನಗೆ ಫೋನ್ ಮಾಡಿ ಅರ್ಥ ಕೇಳಿದರು. ಮೊಟ್ಟೆ ಎಂದೆ. ಬೇಯಿಸಿ ಕೊಟ್ಟರಂತೆ, ತಿಂದನಂತೆ. ಮಾರನೆಯ ದಿನ ಎ ಬನಾನ, ಅದರ ಮಾರನೆಯ ದಿನ ಸಮ್ ರೈಸ್.

"ಬಾಯಿಬಿಟ್ಟು ಕೇಳ್ತಿದ್ದಾರೆ ಕಣೋ," ಎಂದು ಅತ್ತಿಗೆ ಫೋನಿನಲ್ಲೇ ನಗುತ್ತ ಅತ್ತರು.

ನನಗೆ ಆಗ ಹೊಳೆಯಿತು. ಅವನು ಕೇಳುತ್ತಿರಲಿಲ್ಲ, ಪಾಠ ಒಪ್ಪಿಸುತ್ತಿದ್ದ. ಮೊಟ್ಟೆ, ಬಾಳೆಹಣ್ಣು, ಅನ್ನ, ಹಾಲು, ಉಪ್ಪು, ಎಣ್ಣೆ: ತರಗತಿಯಲ್ಲಿ ಅವನು ಹೇಳಿಸುತ್ತಿದ್ದ ಅದೇ ಸಾಲು. ಇಷ್ಟು ದಿನದ ಮೇಲೆ ನಕ್ಕ ಹೆಂಗಸಿನ ಖುಷಿಗೆ ಕಲ್ಲು ಹಾಕಲಿ ಹೇಗೆ? ಹೇಡಿ ನಾನು, ಸುಮ್ಮನಾದೆ.

ಆ ಭಾನುವಾರ ಮಧ್ಯಾಹ್ನ ಹೋದಾಗ ಅಣ್ಣ ಊಟಕ್ಕೆ ಕೂತಿದ್ದ. ಸಮ್ ಸಾಲ್ಟ್ ಎಂದ. ಉಪ್ಪು ಎಂದು ನಾನೇ ಅರ್ಥ ಹೇಳಿದೆ. ಸಪ್ಪೆಯಾಗಿರಬೇಕು ಎಂದು ಅತ್ತಿಗೆ ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿದರು. ಅಣ್ಣ ಅಷ್ಟನ್ನೂ ಬೆರಳಲ್ಲಿ ಬಾಚಿ ಬಾಯಿಗೆ ಹಾಕಿಕೊಂಡ. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ. ಕಷ್ಟಪಟ್ಟು ನುಂಗಿ, ಸಮ್ ಆಯಿಲ್ ಎಂದ.

ಅದೇನು ಎಂಬಂತೆ ಅತ್ತಿಗೆ ನನ್ನತ್ತ ನೋಡಿದರು. ಇನ್ನು ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅಣ್ಣನಿಗೆ ನೀರು ಕುಡಿಸಿದರು, ಬಾಯಿ ಒರೆಸಿದರು. ನನ್ನನ್ನು ಬೈದರೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಾದ್ರೆ ಅವತ್ತು ಅವರಿಗೆ ಮೊಟ್ಟೆ ಬೇಕಿತ್ತೋ, ಬೇಡವಾಗಿತ್ತೋ?"

ಅಂದಿನಿಂದ ಅತ್ತಿಗೆ ಅವನ ಮಾತಿನ ಅರ್ಥ ಕೇಳಿ ಫೋನ್ ಮಾಡಿಲ್ಲ. ಹೊತ್ತಿಗೆ ಸರಿಯಾಗಿ ಕಲಸಿ ತುತ್ತಿಡುತ್ತಾರೆ. ಅಣ್ಣ ಬಾಯಿ ತೆರೆಯುತ್ತಾನೆ, ಎಷ್ಟಿಟ್ಟರೂ ತೆರೆಯುತ್ತಲೇ ಇರುತ್ತಾನೆ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಇವತ್ತಿಗೂ ತಿಳಿಯುವುದಿಲ್ಲ.